ಕಲ್ಲಿನ ಬರಹವನ್ನು ಕಾಗದಕ್ಕಿಳಿಸಿದ ಬಿ.ಎಲ್. ರೈಸ್

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಯಾವುದೇ ಹಳ್ಳಿಯ ಪ್ರಾಚೀನ ಇತಿಹಾಸವನ್ನು ಬರೆಯಹೊರಟವರು ಮೊದಲು ಕೈಗೆತ್ತಿಕೊಳ್ಳುವುದು 1905ರಲ್ಲಿ ಬೆಂಗಳೂರಿನ ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಾದ ಒಂದು ದಪ್ಪ ಸಂಪುಟವನ್ನು. ಅದು ‘ಎಪಿಗ್ರಾಫಿಯ ಕರ್ನಾಟಿಕ’ ಮಾಲೆಯ ಒಂಬತ್ತನೆಯ ಸಂಪುಟ. ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳೆಲ್ಲ ಅದರಲ್ಲಿವೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ಪ್ರತ್ಯೇಕಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೊಸ ಹೆಸರು ಪಡೆದ ಈ ಭೂಭಾಗಕ್ಕೆ ಆಗ ಪ್ರತ್ಯೇಕ ಜಿಲ್ಲೆಯ ಸ್ಥಾನವಿರಲಿಲ್ಲ. ರಾಮನಗರವು ಕ್ಲೋಸ್‌ಪೇಟೆಯಾಗಿತ್ತು, ಕನಕಪುರವು ಕಾನಕಾನಹಳ್ಳಿಯಾಗಿತ್ತು. ಊರುಗಳ ಹೆಸರು ಬದಲಾದರೂ ಸಂಪುಟದಲ್ಲಿ ಪ್ರತಿ ಶಾಸನಕ್ಕೆ ಕೊಟ್ಟ ಸಂಖ್ಯೆ ಬದಲಾಗಿಲ್ಲ. ಇಂದಿಗೂ ವಿದ್ವಾಂಸರು ಆ ಶಾಸನಗಳನ್ನು ತಾಲ್ಲೂಕಿನ ಸಂಕ್ಷಿಪ್ತ ಹೆಸರು ಮತ್ತು ಆ ಸಂಖ್ಯೆಯಿಂದಲೇ ಗುರುತಿಸುತ್ತಾರೆ. ಆ ಸಂಖ್ಯೆಯನ್ನು ಕೊಟ್ಟವರು ಬೆಂಜಮಿನ್ ಲೂಯಿಸ್ ರೈಸ್.

ರೈಸ್ ಹುಟ್ಟಿದ್ದು 1837ರ ಜುಲೈ 17ರಂದು ಬೆಂಗಳೂರಿನಲ್ಲಿ. ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಗಳು. ಅದೇ ವರ್ಷ ಬೆಂಗಳೂರಿಗೆ ಬಂದು, ಐವತ್ತು ವರ್ಷ ಇಲ್ಲಿಯೇ ಇದ್ದು, 1887ರಲ್ಲಿ ತೀರಿಕೊಂಡರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಈ ತಂದೆಯ ಹೆಸರಿನದು. ಮಗನದೆಂದು ತಿಳಿಯುವವರೂ ಉಂಟು. ಕನ್ನಡ ಬಲ್ಲ ಮನೆ ಅದು. ತಮ್ಮ ಎಡ್ವರ್ಡ್ ಪಿ. ರೈಸ್ ಮುಂದೆ ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದು ಹೆಸರು ಪಡೆದರು. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿದ ಲೂಯಿಸ್ ರೈಸ್ 1860ರಲ್ಲಿ ಹುಟ್ಟೂರಿಗೆ ಮರಳಿ, ಮುಂದೆ ಸೆಂಟ್ರಲ್ ಕಾಲೇಜೆಂದು ಪ್ರಸಿದ್ಧವಾದ ಸರ್ಕಾರಿ ಹೈಸ್ಕೂಲಿನ ಮುಖ್ಯಸ್ಥರಾದರು.

ಆಗ ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಐದು ವರ್ಷಗಳ ಬಳಿಕ ರೈಸ್ ಅವರಿಗೆ ಮೈಸೂರು ಮತ್ತು ಕೊಡಗಿನ ಶಾಲಾ ಇನ್ಸ್‌ಪೆಕ್ಟರ್ ಹುದ್ದೆ ದೊರೆಯಿತು. ಅವರ ಜೀವನದ ದಿಕ್ಕನ್ನು ಬದಲಿಸಿದ್ದು ಈ ಹುದ್ದೆ. ಶಾಲೆಗಳ ತಪಾಸಣೆಯೆಂದರೆ ಆಗ ಕುದುರೆಯ ಮೇಲೆ, ಗಾಡಿಯಲ್ಲಿ ಊರಿಂದೂರಿಗೆ ಹೋಗುವುದು. ಗುಡಿಯ ಅಂಗಳದಲ್ಲೋ ಛತ್ರದಲ್ಲೋ ತಂಗುವುದು. ಆ ಗುಡಿಗಳ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತ ಬರಹದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಊರಿನವರಿಗೆ ಅವುಗಳ ಅಕ್ಷರ ತಿಳಿಯುತ್ತಿರಲಿಲ್ಲ. ಶಾನುಭೋಗರಿಗೂ ತಿಳಿಯುತ್ತಿರಲಿಲ್ಲ. ಕಲ್ಲಿನ ಕೆಳಗೆ ನಿಧಿಯಿದೆ, ಅದರ ಗುರುತನ್ನೇ ಬರೆದಿದ್ದಾರೆ ಎಂಬ ನಂಬಿಕೆ ಮಾತ್ರ ಎಲ್ಲೆಡೆ ಇತ್ತು. ಆ ನಂಬಿಕೆಯಿಂದಲೇ ಕೆಲವು ಕಲ್ಲುಗಳು ಉರುಳುತ್ತಿದ್ದವು.

1868ರಲ್ಲಿ ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು ರೂಪಿಸಿದವರೂ ರೈಸ್ ಅವರೇ. ಸರ್ಕಾರದ ಹಣ, ಊರಿನ ಜನರ ಸಹಕಾರ, ಸ್ಥಳೀಯ ಉಪಾಧ್ಯಾಯ - ಈ ಮೂರನ್ನೂ ಕೂಡಿಸುವ ಯೋಜನೆ ಅದು. ಶಾಸನಗಳ ಕೆಲಸಕ್ಕೆ ಮುಂದೆ ಅವರು ಅನುಸರಿಸಿದ ಕ್ರಮದ ಮೂಲವನ್ನು ಇಲ್ಲಿಯೇ ಕಾಣಬಹುದು. ಒಬ್ಬ ವಿದ್ವಾಂಸ ತನ್ನ ಆಸಕ್ತಿಯಿಂದ ಹತ್ತಾರು ಶಾಸನಗಳನ್ನು ಓದಬಲ್ಲ. ಒಂದು ರಾಜ್ಯದ ಎಲ್ಲ ಕಲ್ಲುಗಳನ್ನೂ ಓದಬೇಕಾದರೆ ಆಡಳಿತ ಯಂತ್ರವೇ ಆ ಕೆಲಸಕ್ಕೆ ಕೈ ಹಾಕಬೇಕಾಗುತ್ತದೆ.

ಈ ದಿಕ್ಕಿನಲ್ಲಿ ರೈಸ್ ಮೊದಲಿಗರಲ್ಲ. ಟಿಪ್ಪುವಿನ ಪತನದ ನಂತರ ಮೈಸೂರಿನ ಭೂಮಾಪನಕ್ಕೆ ಬಂದ ಕರ್ನಲ್ ಕಾಲಿನ್ ಮೆಕೆಂಜಿ ತನ್ನ ಪಂಡಿತರ ನೆರವಿನಿಂದ ಸಾವಿರಾರು ಶಾಸನಗಳ ನಕಲು ಮಾಡಿಸಿದ್ದನು. ಆದರೆ ಆ ಸಂಗ್ರಹ ನಾಡಿನಿಂದ ಹೊರಗೆ ಹೋಯಿತು. 1865ರಲ್ಲಿ ಮೈಸೂರು ಸರ್ಕಾರವು ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿಯಿಂದ ಸುಮಾರು 150 ಶಾಸನಗಳ ಛಾಯಾಚಿತ್ರ ತೆಗೆಸಿತು. ಕಮಿಷನರ್ ಬೌರಿಂಗರ ಆಸಕ್ತಿ ಇದರ ಹಿಂದಿತ್ತು. ಚಿತ್ರಗಳೇನೋ ಸಿದ್ಧವಾದವು, ಓದುವವರು ಬೇಕಾಗಿತ್ತು. ಆ ಹೊಣೆ ರೈಸ್ ಅವರಿಗೆ ಬಂದಿತು. ಅದರ ಫಲವಾಗಿ 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಪ್ರಕಟವಾಯಿತು. ಅದರ ನಡುವೆಯೇ 1876ರಿಂದ 1878ರವರೆಗೆ ಭಾರತ ಸರ್ಕಾರಕ್ಕಾಗಿ ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ಮೂರು ಸಂಪುಟಗಳಲ್ಲಿ ಹೊರಬಂದಿತು. ನಾಡು ಭೀಕರ ಕ್ಷಾಮದಲ್ಲಿ ಬೇಯುತ್ತಿದ್ದ ವರ್ಷಗಳವು.

ಈ ನಾಲ್ಕು ತಾಲ್ಲೂಕುಗಳ ಕಥೆ ಒಂದೆಡೆ ಕ್ರಮವಾಗಿ ಅಚ್ಚಾದದ್ದು ಆ ಗೆಜೆಟಿಯರಿನಲ್ಲಿ. ಬೆಂಗಳೂರನ್ನು ಕಳೆದುಕೊಂಡ ಕೆಂಪೇಗೌಡನ ವಂಶದವರು ಮಾಗಡಿಯಲ್ಲಿ ನೆಲೆಸಿದ್ದು, ಸಾವನದುರ್ಗದ ಆಸರೆಯಲ್ಲಿ ಆಳಿದ್ದು, 1728ರಲ್ಲಿ ಮೈಸೂರಿನ ಸೈನ್ಯಕ್ಕೆ ಸೋತದ್ದು. ಪೆನುಕೊಂಡೆಯ ಅರಸರಿಂದ ಚನ್ನಪಟ್ಟಣದ ಸೀಮೆ ಪಡೆದ ಜಗದೇವರಾಯನ ಏಳಿಗೆ, 1630ರಲ್ಲಿ ಅದು ಮೈಸೂರಿನ ವಶವಾದದ್ದು. ಶ್ರೀರಂಗಪಟ್ಟಣದತ್ತ ಹೊರಟ ಇಂಗ್ಲಿಷರ ದಂಡಿಗೆ ನೆಲೆಯಾಗಬಾರದೆಂದು ಟಿಪ್ಪುವೇ ಕಾನಕಾನಹಳ್ಳಿಯನ್ನು ಹಾಳುಗೆಡವಿದ್ದು. ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆ ಎದ್ದದ್ದು. ಇವೆಲ್ಲ ಜನರ ಬಾಯಲ್ಲಿ, ಕೈಫಿಯತ್ತುಗಳಲ್ಲಿ, ಸರ್ಕಾರಿ ದಫ್ತರುಗಳಲ್ಲಿ ಹರಿದುಹಂಚಿಹೋಗಿದ್ದವು. ಆದರೆ ಗೆಜೆಟಿಯರಿಗೆ ತಲಪದ ಒಂದು ಆಳವಿತ್ತು. ಪಾಳೆಯಗಾರರಿಗಿಂತ ಹಿಂದಿನ ಸಾವಿರ ವರ್ಷಗಳ ಕಥೆಯನ್ನು ಹೇಳಲು ಕಲ್ಲುಗಳ ಹೊರತು ಬೇರೆ ಸಾಕ್ಷಿಯಿರಲಿಲ್ಲ.

1881ರಲ್ಲಿ ರಾಜ್ಯ ಒಡೆಯರ ಮನೆತನಕ್ಕೆ ಮರಳಿತು. ಅನೇಕ ಇಂಗ್ಲಿಷ್ ಅಧಿಕಾರಿಗಳು ಹುದ್ದೆ ಬಿಟ್ಟು ಹೊರಟ ಕಾಲವದು. ರೈಸ್ ಉಳಿದರು. ಆ ವರ್ಷದ ಜನಗಣತಿಯ ಮೇಲ್ವಿಚಾರಣೆ, ಬಳಿಕ ಹಂಟರ್ ಅಧ್ಯಕ್ಷತೆಯ ಶಿಕ್ಷಣ ಆಯೋಗದ ಕಾರ್ಯದರ್ಶಿತ್ವ, ಹೀಗೆ ಎರಡು ಸರ್ಕಾರಗಳ ನಡುವೆ ಓಡಾಡಿದ ಅವರನ್ನು 1885ರಲ್ಲಿ ಮೈಸೂರು ಸರ್ಕಾರವು ಹೊಸದಾಗಿ ತೆರೆದ ಪುರಾತತ್ವ ಇಲಾಖೆಯ ಮುಖ್ಯಸ್ಥರನ್ನಾಗಿ ನೇಮಿಸಿತು. ಮೊದಲಿಗೆ ಅದು ಇತರ ಕೆಲಸಗಳ ಜೊತೆಗಿನ ಹೊಣೆಯಾಗಿತ್ತು. 1890ರಿಂದ ಪೂರ್ಣಾವಧಿಯ ಹುದ್ದೆಯಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತ ನಡೆಯುತ್ತಿತ್ತು. ರೈಲು, ಚಿನ್ನದ ಗಣಿ, ನೀರಾವರಿಗಳ ನಡುವೆ ಹಳೆಯ ಕಲ್ಲುಗಳ ಓದಿಗೂ ಆಯವ್ಯಯದಲ್ಲಿ ಒಂದು ಪಾಲು ದೊರೆತದ್ದು ಸಣ್ಣ ಸಂಗತಿಯಲ್ಲ. ಕಮಿಷನರುಗಳ ಕಾಲದಲ್ಲಿ ಒಬ್ಬಿಬ್ಬರು ಅಧಿಕಾರಿಗಳ ಆಸಕ್ತಿಯನ್ನು ನೆಚ್ಚಿಕೊಂಡಿದ್ದ ಕೆಲಸ ಈಗ ಒಂದು ಇಲಾಖೆಯ ಕರ್ತವ್ಯವಾಯಿತು.

1886ರಲ್ಲಿ ಕೊಡಗಿನ ಶಾಸನಗಳು ಮಾಲೆಯ ಮೊದಲ ಸಂಪುಟವಾಗಿ ಹೊರಬಂದವು. ಕೊಡಗು ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದರೂ ಶಾಸನಗಳ ಮಟ್ಟಿಗೆ ಮೈಸೂರಿನಿಂದ ಬೇರೆಯಾಗಲಿಲ್ಲ. 1889ರಲ್ಲಿ ಶ್ರವಣಬೆಳಗೊಳದ ಸಂಪುಟ, 1894ರಿಂದ ಜಿಲ್ಲಾವಾರು ಸಂಪುಟಗಳು ಬಂದವು. 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ಬಳಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ರೈಸ್ ಬೆಳಕಿಗೆ ತಂದರು. ಮೌರ್ಯ ಚಕ್ರವರ್ತಿಯ ಆಜ್ಞೆ ಕನ್ನಡ ನಾಡಿನ ಬಂಡೆಗಳ ಮೇಲಿದೆಯೆಂಬ ಸುದ್ದಿ ವಿದ್ವತ್ ಲೋಕವನ್ನು ಬೆರಗುಗೊಳಿಸಿತು. ರೈಸ್ ಅವರ ಹೆಸರು ಯುರೋಪಿನವರೆಗೆ ಹಬ್ಬಿದ್ದು ಆ ಬಂಡೆಗಳಿಂದ. ಆದರೆ ಅವರ ದಿನನಿತ್ಯದ ದುಡಿಮೆಯ ಸ್ವರೂಪವನ್ನು ತಿಳಿಯಲು ಅಷ್ಟೇನೂ ಪ್ರಸಿದ್ಧವಲ್ಲದ ಚನ್ನಪಟ್ಟಣ, ಕಾನಕಾನಹಳ್ಳಿಗಳಂತಹ ತಾಲ್ಲೂಕುಗಳ ಕಡೆಗೇ ನೋಡಬೇಕು.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ಆ ವೇಳೆಗೆ ಕ್ಲೋಸ್‌ಪೇಟೆ, ಚನ್ನಪಟ್ಟಣಗಳ ಮೂಲಕ ಓಡುತ್ತಿತ್ತು. ಮಾಗಡಿಗೂ ಕಾನಕಾನಹಳ್ಳಿಗೂ ರೈಲಿರಲಿಲ್ಲ. ಗಾಡಿದಾರಿ, ಕಾಡುದಾರಿಗಳೇ ಗತಿ. ಇಲಾಖೆಯ ಪಂಡಿತರು ಹಳ್ಳಿಗೆ ತಲಪಿ, ಕಲ್ಲಿಗೆ ಹಿಡಿದ ಪಾಚಿ, ಎಣ್ಣೆಯ ಜಿಡ್ಡು, ಸುಣ್ಣಗಳನ್ನು ತೊಳೆಯುತ್ತಿದ್ದರು. ಪಡಿಯಚ್ಚಿನ ಕ್ರಮ ಸರಳವಾದದ್ದು, ಆದರೆ ತಾಳ್ಮೆ ಬೇಡುವಂಥದ್ದು. ಒದ್ದೆ ಮಾಡಿದ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಗಟ್ಟಿ ಕುಂಚದಿಂದ ಬಡಿದು ಅಕ್ಷರಗಳ ತಗ್ಗಿನೊಳಕ್ಕೆ ಇಳಿಸಬೇಕು. ಬಳಿಕ ಮೇಲೆ ಮಸಿ ತಟ್ಟಬೇಕು. ಮಸಿ ಉಬ್ಬಿನ ಭಾಗಕ್ಕೆ ಮಾತ್ರ ತಗಲಿ, ಕೊರೆದ ಅಕ್ಷರಗಳು ಬಿಳಿಯಾಗಿ ಉಳಿಯುತ್ತವೆ. ಒಣಗಿದ ಮೇಲೆ ಹರಿಯದಂತೆ ಬಿಡಿಸಿ, ಸುತ್ತಿ, ಬೆಂಗಳೂರಿಗೆ ಒಯ್ಯಬೇಕು. ಓದುವ ಕೆಲಸ ಅಲ್ಲಿಂದ ಆರಂಭ. ಗಾಳಿ, ಮಳೆ, ಬಿಸಿಲು ಮೂರೂ ಈ ಕೆಲಸಕ್ಕೆ ಅಡ್ಡಿ.

ತಾಮ್ರಶಾಸನಗಳದು ಬೇರೆಯೇ ಕಷ್ಟ. ಅವು ಮಠ, ದೇವಸ್ಥಾನ, ಖಾಸಗಿ ಮನೆತನಗಳ ಪೆಟ್ಟಿಗೆಗಳಲ್ಲಿದ್ದವು. ಇಟ್ಟುಕೊಂಡವರಿಗೆ ಅವು ಇತಿಹಾಸದ ಆಕರಗಳಾಗಿರಲಿಲ್ಲ, ಇನಾಮು ಭೂಮಿಯ ಹಕ್ಕುಪತ್ರಗಳಾಗಿದ್ದವು. 1860ರ ದಶಕದಲ್ಲಿ ಇನಾಮು ತನಿಖೆಯನ್ನು ಕಂಡಿದ್ದ ನಾಡಿನಲ್ಲಿ ಅವನ್ನು ಸರ್ಕಾರದ ಮನುಷ್ಯನ ಕೈಗೆ ಕೊಡಲು ಯಾರಿಗಾದರೂ ಅಳುಕು ಸಹಜವೇ. ಆದರೂ ರೈಸ್ ಅವರ ಸಂಪುಟಗಳಲ್ಲಿ ತಾಮ್ರಪಟಗಳ ಪಾಠಗಳು ಗಣನೀಯ ಸಂಖ್ಯೆಯಲ್ಲಿವೆ. ಶಾಲೆಗಳ ಕಾಲದಿಂದ ಹಳ್ಳಿಗಳಲ್ಲಿ ಓಡಾಡಿದ, ಕನ್ನಡ ಬಲ್ಲ ಅಧಿಕಾರಿಯೆಂಬ ಪರಿಚಯ ಇಲ್ಲಿ ನೆರವಾಗಿರಬೇಕು.

ಸಂಪುಟದಲ್ಲಿ ಪ್ರತಿ ಶಾಸನಕ್ಕೂ ಊರು, ಹೋಬಳಿ, ಕಲ್ಲು ನಿಂತ ಸ್ಥಳ ನಮೂದಾಗಿವೆ. ಗುಡಿಯ ಯಾವ ದಿಕ್ಕಿನಲ್ಲಿದೆ, ಯಾವ ಕೆರೆಯ ಬಳಿ, ಯಾರ ಹೊಲದಲ್ಲಿ ಎಂಬ ವಿವರಗಳು ಕಂದಾಯದ ಕಡತದ ಭಾಷೆಯಲ್ಲಿಯೇ ಇವೆ. ಮೂಲಪಾಠ ಕನ್ನಡ ಅಕ್ಷರಗಳಲ್ಲಿ, ರೋಮನ್ ಲಿಪಿಯಲ್ಲಿ, ಜೊತೆಗೆ ಇಂಗ್ಲಿಷ್ ಅನುವಾದ, ಆರಂಭದಲ್ಲಿ ರಾಜವಂಶಗಳ ಕ್ರಮದಂತೆ ಚಾರಿತ್ರಿಕ ಪೀಠಿಕೆ. ಈ ಸೀಮೆಯಲ್ಲಿ ತಮಿಳು ಶಾಸನಗಳು ಹೇರಳವಾಗಿರುವುದರಿಂದ ಅವಕ್ಕೆ ತಮಿಳು ಬಲ್ಲ ಪಂಡಿತರು ಬೇಕಾದರು. ರೈಸ್ ಒಬ್ಬರೇ ಎಲ್ಲವನ್ನೂ ಓದಿದರೆಂದು ಭಾವಿಸುವುದು ತಪ್ಪಾದೀತು. ಅವರ ಕಚೇರಿಯ ಪಂಡಿತರ ಶ್ರಮ ಆ ಪುಟಗಳಲ್ಲಿ ಅಡಗಿದೆ. ಅವರಲ್ಲಿ ಹಲವರ ಹೆಸರು ಇಂದು ಯಾರ ನೆನಪಿನಲ್ಲೂ ಇಲ್ಲ.

ಆ ಓದಿನಿಂದ ತಿಳಿದುಬಂದ ಸಂಗತಿಗಳು ಊರಿನವರನ್ನೇ ಅಚ್ಚರಿಗೊಳಿಸುವಂಥವು. ಚನ್ನಪಟ್ಟಣ ತಾಲ್ಲೂಕಿನ ಮಂಕುಂದವು ಒಂದು ಕಾಲಕ್ಕೆ ಗಂಗ ಅರಸರ ವಾಸಸ್ಥಾನವಾಗಿತ್ತೆಂದು ರೈಸ್ ಗುರುತಿಸಿದರು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ತಲಕಾಡು ಚೋಳರ ವಶವಾದ ಮೇಲೆ ಈ ನೆಲದಲ್ಲಿ ಆದ ಬದಲಾವಣೆಗಳು ಮಳೂರು, ಮಳೂರುಪಟ್ಟಣ, ಕೂಡ್ಲೂರುಗಳ ತಮಿಳು ಶಾಸನಗಳಲ್ಲಿವೆ. ಚೋಳ ರಾಜರ ಬಿರುದುಗಳು ನಾಡಿಗೆ, ಊರಿಗೆ, ದೇವಾಲಯಗಳಿಗೆ ಹೆಸರುಗಳಾದವು. ಇಂದು ಅಪ್ರಮೇಯ ಸ್ವಾಮಿಯ ದರ್ಶನಕ್ಕೆಂದು ಹೆದ್ದಾರಿಯಿಂದ ಮಳೂರಿಗೆ ತಿರುಗುವ ಭಕ್ತರು ಪ್ರವೇಶಿಸುವುದು ಅಂಥದೊಂದು ಚೋಳರ ಕಾಲದ ಅಗ್ರಹಾರವನ್ನು. ಕೆಳಲೆನಾಡೆಂಬ ಹಳೆಯ ನಾಡೊಂದು ಈ ಭಾಗದಲ್ಲಿತ್ತೆಂಬುದೂ ಕಲ್ಲುಗಳಿಂದಲೇ ತಿಳಿದದ್ದು. ಅದರ ಮೇಲೆ ಹೊಯ್ಸಳರ, ವಿಜಯನಗರದ, ಯಲಹಂಕ ನಾಡಪ್ರಭುಗಳ, ಮೈಸೂರು ಒಡೆಯರ ದತ್ತಿಗಳು ಪದರ ಪದರವಾಗಿ ಕೂತಿವೆ. ಕೆರೆ ಕಟ್ಟಿಸಿದವರು, ತುರು ಕಾಯಲು ಹೋರಾಡಿ ಸತ್ತವರು, ದೇವರ ದೀಪಕ್ಕೆ ಎಣ್ಣೆ ಬಿಟ್ಟವರು ಅರಸರ ಪಕ್ಕದಲ್ಲಿ ಜಾಗ ಪಡೆದಿದ್ದಾರೆ.

ರೈಸ್ ಅವರ ಎಲ್ಲ ನಿರ್ಣಯಗಳನ್ನೂ ವಿದ್ವಾಂಸರು ಒಪ್ಪಲಿಲ್ಲ. ಬೊಂಬಾಯಿ ಪ್ರಾಂತ್ಯದ ಜೆ.ಎಫ್. ಫ್ಲೀಟ್ ಅವರೊಂದಿಗೆ ಗಂಗರ ತಾಮ್ರಪಟಗಳನ್ನು ಕುರಿತು ನಡೆದ ವಾದ ಹಲವು ವರ್ಷ ಮುಂದುವರಿಯಿತು. ಆ ಪಟಗಳಲ್ಲಿ ಬಹುಪಾಲು ಕೃತಕವೆಂದು, ಅವುಗಳ ಮೇಲೆ ಕಟ್ಟಿದ ಗಂಗರ ಕಾಲಗಣನೆ ನಿಲ್ಲದೆಂದು ಫ್ಲೀಟ್ ವಾದಿಸಿದರು. ರೈಸ್ ಒಪ್ಪಲಿಲ್ಲ. ಲಿಪಿ ಮತ್ತು ಕಾಲಮಾನದ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಫ್ಲೀಟ್ ಮೇಲುಗೈ ಪಡೆದ ಸಂದರ್ಭಗಳುಂಟು. ಗಂಗರೆಂಬ ಪ್ರಾಚೀನ ರಾಜವಂಶ ಕಟ್ಟುಕಥೆಯಲ್ಲವೆಂಬ ರೈಸ್ ಅವರ ನಿಲುವು ಮಾತ್ರ ಉಳಿಯಿತು. ಇಷ್ಟು ದೊಡ್ಡ ಪ್ರಮಾಣದ ಕೆಲಸದಲ್ಲಿ ಅವಸರದ ಓದುಗಳೂ ಅನುವಾದದ ದೋಷಗಳೂ ಸೇರಿದವು. ಸಮೀಕ್ಷೆಯೂ ಪೂರ್ಣವಾಗಿರಲಿಲ್ಲ. ಹಾಸನ ಜಿಲ್ಲೆಯ ಸಂಪುಟ 1902ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಿದ್ದಾಗ ಅದರಲ್ಲಿ ಹಲ್ಮಿಡಿಯ ಕಲ್ಲಿರಲಿಲ್ಲ. ಅದು ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದದ್ದು 1936ರಲ್ಲಿ.

ಇನ್ನೂ ದೊಡ್ಡದೊಂದು ಕೊರತೆ ಉಳಿಯಿತು. ಇಲಾಖೆ ಬರಹವನ್ನು ಉಳಿಸಿತು, ಕಲ್ಲನ್ನು ಅದಿದ್ದ ಜಾಗದಲ್ಲಿಯೇ ಬಿಟ್ಟು ಬಂದಿತು. ಹಿಂದೆ ದತ್ತಿ ಕೊಟ್ಟವರು ಕಲ್ಲಿನ ರಕ್ಷಣೆಗೆ ತಮ್ಮದೇ ಉಪಾಯ ಹೂಡಿದ್ದರು. ಸೂರ್ಯಚಂದ್ರರನ್ನು ಕೆತ್ತಿಸಿ, ದಾನವನ್ನು ಕೆಡಿಸಿದವನಿಗೆ ತಟ್ಟುವ ಪಾಪವನ್ನು ಕೊನೆಯ ಸಾಲುಗಳಲ್ಲಿ ಬರೆಸುತ್ತಿದ್ದರು. ಅಕ್ಷರ ಓದಲಾಗದ ಕಾಲಕ್ಕೆ ಆ ಶಾಪದ ಅಂಜಿಕೆಯೂ ಅಳಿಯಿತು. ಕಲ್ಲುಗಳು ತೂಬಿಗೆ, ಹೊಸ್ತಿಲಿಗೆ, ಬಟ್ಟೆ ಒಗೆಯುವ ಹಾಸಿಗೆ ಬಂದವು. ಬ್ರಿಟಿಷ್ ಭಾರತದಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆ 1904ರಲ್ಲಿ ಜಾರಿಗೆ ಬಂದಿತು. ಮೈಸೂರು ಸಂಸ್ಥಾನಕ್ಕೆ ಅಂಥ ಶಾಸನ ದೊರೆತದ್ದು 1925ರಲ್ಲಿ, ರೈಸ್ ನಿವೃತ್ತರಾಗಿ ಸುಮಾರು ಎರಡು ದಶಕಗಳ ನಂತರ. ಆ ಕಾಯಿದೆಗಳೂ ಮುಖ್ಯವಾಗಿ ದೇವಾಲಯ, ಕೋಟೆ, ಬಸದಿಗಳನ್ನು ಕಾಯುವಂಥವು. ಹೊಲದ ನಡುವೆ ಒಂಟಿಯಾಗಿ ನಿಂತ ವೀರಗಲ್ಲಿಗೆ ಕಾವಲುಗಾರ ಬರಲಿಲ್ಲ.

ಶಾಸನಗಳ ಜೊತೆಗೆ ಹಳಗನ್ನಡ ಗ್ರಂಥಗಳ ಕಡೆಗೂ ರೈಸ್ ಗಮನ ಹರಿಸಿದರು. ‘ಬಿಬ್ಲಿಯೋಥೆಕ ಕರ್ನಾಟಿಕ’ ಮಾಲೆಯಲ್ಲಿ ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’, ಭಟ್ಟಾಕಳಂಕನ ‘ಶಬ್ದಾನುಶಾಸನ’, ನಾಗಚಂದ್ರನ ಪಂಪ ರಾಮಾಯಣ, ಪಂಪನ ಭಾರತ ಅಚ್ಚಾದವು. ಕೆ.ಬಿ. ಪಾಠಕರು ಸಂಪಾದಿಸಿದ ‘ಕವಿರಾಜಮಾರ್ಗ’ 1898ರಲ್ಲಿ ಇದೇ ಮಾಲೆಯಲ್ಲಿ ಬಂದಿತು. ಓಲೆಗರಿಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿದ್ದ ಕಾವ್ಯಗಳಿಗೂ ಸರ್ಕಾರದ ಅಚ್ಚುಮೊಳೆಯ ನೆರವು ದೊರೆಯಿತೆಂಬುದು ಆ ಕಾಲದ ಮೈಸೂರಿನ ಹಿರಿಮೆ.

1906ರಲ್ಲಿ ರೈಸ್ ನಿವೃತ್ತರಾದಾಗ ಮಾಲೆಯ ಹನ್ನೆರಡು ಸಂಪುಟಗಳು ಮುಗಿದಿದ್ದವು. ಅವುಗಳಲ್ಲಿರುವ ಶಾಸನಗಳು ಸುಮಾರು 9,000. ಅವರ ಕೈಕೆಳಗೆ 1899ರಿಂದ ದುಡಿದಿದ್ದ ಆರ್. ನರಸಿಂಹಾಚಾರ್ಯರು ಇಲಾಖೆಯ ಮುಖ್ಯಸ್ಥರಾದರು. ‘ಕರ್ಣಾಟಕ ಕವಿಚರಿತೆ’ಯ ಕರ್ತೃವಾದ ನರಸಿಂಹಾಚಾರ್ಯರು ಇಲಾಖೆಯ ದೃಷ್ಟಿಯನ್ನು ಶಾಸನದಿಂದ ಕಟ್ಟಡದ ಕಡೆಗೂ ಹೊರಳಿಸಿದರು. ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಗಳ ದೇವಾಲಯಗಳ ಮೇಲೆ ಅವರು ಬರೆದ ಸಚಿತ್ರ ಪುಸ್ತಕಗಳನ್ನು ಇಲಾಖೆ ಪ್ರಕಟಿಸಿತು. ಇಂಗ್ಲಿಷ್ ಅಧಿಕಾರಿಯ ಕೈಯಿಂದ ಕನ್ನಡ ವಿದ್ವಾಂಸನ ಕೈಗೆ ಇಲಾಖೆ ಸಲೀಸಾಗಿ ದಾಟಿದ್ದಕ್ಕೆ ರೈಸ್ ಅವರ ಕಚೇರಿಯಲ್ಲಿ ನಡೆದ ತರಬೇತಿಯೇ ಕಾರಣ.

ಇಂಗ್ಲೆಂಡಿಗೆ ಹೋದ ಮೇಲೂ ರೈಸ್ ಸುಮ್ಮನೆ ಕೂರಲಿಲ್ಲ. 1909ರಲ್ಲಿ ಲಂಡನ್ನಿನಿಂದ ಹೊರಬಂದ ‘ಮೈಸೂರ್ ಅಂಡ್ ಕೂರ್ಗ್ ಫ್ರಮ್ ದಿ ಇನ್‌ಸ್ಕ್ರಿಪ್ಷನ್ಸ್’ ಗ್ರಂಥದಲ್ಲಿ ಹನ್ನೆರಡು ಸಂಪುಟಗಳ ಸಾರವನ್ನು ಒಂದೇ ಪುಸ್ತಕವಾಗಿ ಕಟ್ಟಿಕೊಟ್ಟರು. 1927ರ ಜುಲೈ 10ರಂದು, ತೊಂಬತ್ತು ತುಂಬಲು ಒಂದು ವಾರವಿರುವಾಗ, ಹ್ಯಾರೋದಲ್ಲಿ ನಿಧನರಾದರು.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಲ್ಲಿ ಈ ಮಾಲೆಯ ಪರಿಷ್ಕೃತ ಸಂಪುಟಗಳನ್ನು ಹೊರತರಲು ಆರಂಭಿಸಿತು. 2021ರಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿಯು ಬೆಂಗಳೂರು ಮತ್ತು ಸುತ್ತಣ ಪ್ರದೇಶದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗಿನಿಂದ ದಾಖಲಿಸುವ ಯೋಜನೆ ಕೈಗೊಂಡಿತು. ಮಸಿ, ಕಾಗದ, ಕುಂಚಗಳ ಜಾಗಕ್ಕೆ ಬೆಳಕಿನ ಯಂತ್ರ ಬಂದಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳೂ ಅದರಲ್ಲಿ ತೋರುತ್ತವೆ. ಹುಡುಕುವವರ ಕೈಯಲ್ಲಿ ಇರುವ ಪಟ್ಟಿ ಮಾತ್ರ 1905ರ ಸಂಪುಟದ್ದೇ. ಅದರಲ್ಲಿ ಹೇಳಿದ ಗುಡಿಯ ಮುಂದೆ, ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ಕಲ್ಲು ಇನ್ನೂ ಇದ್ದರೆ ಅದರ ಹೊಸ ಪ್ರತಿ ಸಿದ್ಧವಾಗುತ್ತದೆ. ರಸ್ತೆ ಅಗಲವಾದ, ಬಡಾವಣೆ ಎದ್ದ, ಗುಡಿ ಹೊಸದಾಗಿ ಕಟ್ಟಿದ ಊರುಗಳಲ್ಲಿ ಕಲ್ಲು ಸಿಗದೆ ಹೋದಾಗ, ಊರಿನ ಹೆಸರು, ನಿಂತಿದ್ದ ಜಾಗ ಮತ್ತು ಸಾಲುಸಾಲಾದ ಪಾಠ ಮಾತ್ರ ರೈಸ್ ಅವರ ಪುಟದಲ್ಲಿ ಉಳಿದಿವೆ.